ಗಮ್‌ಬೂಟ್ ಹಾಕಿಕೊಂಡು ಚಂದ್ರನ ಬೆಟ್ಟಕ್ಕೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಮಳೆಗಾಲದಲ್ಲಿ ಕುದುರೆಮುಖದ ಕಡೆ ಬೆಟ್ಟ ಹತ್ತಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಜಾಸ್ತಿನೇ ಇದ್ದೀರಿ. ಹಾಗಾದರೆ ಅರ್ಧ ಕಥೆ ನಿಮಗೆ ಗೊತ್ತೇ ಇದೆ. ಆ ಕೆಸರನ್ನು ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಒಯ್ಯಿರಿ. ಜಿಗಣೆ ತೆಗೆದು, ಚಳಿ ಸೇರಿಸಿ. ಅದೇ ರುವೆಂಜೋರಿ ಬೆಟ್ಟಸಾಲು.

ಇದು ಉಗಾಂಡಾ ಮತ್ತು ಕಾಂಗೋ ಗಡಿಯಲ್ಲಿದೆ. ಭೂಮಧ್ಯರೇಖೆ ಪಕ್ಕದಲ್ಲೇ ಹಾದುಹೋಗುತ್ತದೆ. ತುದಿಯ ಹೆಸರು ಮಾರ್ಗರಿಟಾ, 5,109 ಮೀಟರ್. ಆಫ್ರಿಕಾದಲ್ಲಿ ಇದಕ್ಕಿಂತ ಎತ್ತರದವು ಎರಡೇ, ಕಿಲಿಮಂಜಾರೋ ಮತ್ತು ಮೌಂಟ್ ಕೀನ್ಯಾ. ಅವೆರಡೂ ಜ್ವಾಲಾಮುಖಿಯಿಂದ ಆದವು. ಇದು ಹಾಗಲ್ಲ. ನೆಲ ಬಿರಿದಾಗ ಒಂದು ದೊಡ್ಡ ಬಂಡೆಯೇ ಮೇಲಕ್ಕೆದ್ದು ನಿಂತದ್ದು. ನೈಲ್ ನದಿಯ ನೀರು ಬರುವುದು ಚಂದ್ರನ ಬೆಟ್ಟಗಳಿಂದ ಅಂತ ಪ್ರಾಚೀನ ಕಾಲದ ಭೂಗೋಳ ಪಂಡಿತ ಟಾಲೆಮಿ ಬರೆದಿದ್ದನಲ್ಲ, ಅವು ಇವೇ ಅಂತ ತುಂಬ ಜನ ನಂಬುತ್ತಾರೆ. ವರ್ಷದ ಬಹಳ ದಿನ ಮೋಡ ಕವಿದಿರುತ್ತದೆ. ಯುರೋಪಿನವರು ಬುಡದಲ್ಲೇ ಓಡಾಡಿ, ಬೆಟ್ಟ ಕಾಣದೆ ವಾಪಸ್ ಹೋಗಿದ್ದರು. ಕೊನೆಗೆ 1888ರಲ್ಲಿ ಅನ್ವೇಷಕ ಸ್ಟ್ಯಾನ್ಲಿ ಹಿಮ ನೋಡಿದ. ಅಲ್ಲೇ ಬದುಕುವ ಬಕೊಂಜೊ ಜನಕ್ಕೆ ಅದು ಯಾವತ್ತೂ ಕಳೆದುಹೋಗಿರಲಿಲ್ಲ ಬಿಡಿ.

ಬೆಟ್ಟಕ್ಕೆ ಹೋಗುವ ಮುಂಚೆ ಊಟ. ಕಸೆಸೆ ಪಟ್ಟಣದ ಒಂದು ಸಣ್ಣ ಹೋಟೆಲಲ್ಲಿ ಬುಟ್ಟಿಯೊಳಗೆ ಹಬೆಯಾಡುವ ಕಂದು ಮುದ್ದೆ ತಂದಿಟ್ಟರು. 'ಕಲೋ' ಅಂದರು. ಬೆರಳು ಇಟ್ಟ ಕೂಡಲೇ ಗೊತ್ತಾಯಿತು, ರಾಗಿ! ಮರಗೆಣಸಿನ ಹಿಟ್ಟು ಬೆರೆಸಿದ್ದರಿಂದ ಅಂಟು ಸ್ವಲ್ಪ ಜಾಸ್ತಿ, ಅಷ್ಟೆ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂತು. ನಾನು ಅಗಿಯದೆ ನುಂಗಿದ್ದು ನೋಡಿ ಬಡಿಸುವಾಕೆ ನಕ್ಕಳು. ಯಾರು ಯಾರಿಗೆ ಕಲಿಸಬೇಕು ಹೇಳಿ.

ನಡಿಗೆ ಶುರುವಾಗುವುದು ನ್ಯಾಕಲೆಂಗಿಜಾ ಎಂಬ ಹಳ್ಳಿಯಿಂದ. ಗೈಡ್ ಇಲ್ಲದೆ ಬಿಡುವುದಿಲ್ಲ. ನಾನು ಹೊಸ ಬೂಟು ಹಾಕಿಕೊಂಡು ನಿಂತಿದ್ದೆ. ಅದರ ಬೆಲೆ ಹೇಳುವುದಿಲ್ಲ, ನಮ್ಮ ಮನೆಯವರು ಎರಡನೇ ಸಾಲಿನಲ್ಲೇ ಕೂತಿದ್ದಾರೆ. ಒಂದು ಹನಿ ನೀರೂ ದಾಟುವುದಿಲ್ಲ ಅಂತ ಅಂಗಡಿಯವನು ಆಣೆ ಮಾಡಿದ್ದ. ಗೈಡ್ ಬೂಟು ನೋಡಿದ, ನನ್ನ ಮುಖ ನೋಡಿದ. ಒಳಗೆ ಹೋಗಿ ಒಂದು ಜೊತೆ ಕಪ್ಪು ಗಮ್‌ಬೂಟ್ ತಂದ. ನಮ್ಮಲ್ಲಿ ತೋಟದ ಕೆಲಸಕ್ಕೆ ಹಾಕುತ್ತಾರಲ್ಲ, ಅಂಥವು. ನಾನು ಬೇಡ ಅಂದೆ. ಅವನು ವಾದ ಮಾಡಲಿಲ್ಲ. ಸುಮ್ನೆ ಅವನ್ನು ಪೋರ್ಟರ್ ಹೊರೆಗೆ ಕಟ್ಟಿಸಿದ.

ಮೊದಲ ಎರಡು ದಿನ ಕಾಡು, ಬಿದಿರು, ಆಮೇಲೆ ಪಾಚಿ ಹೊದ್ದ ಹೀದರ್ ಮರಗಳು. ಮರಕ್ಕೆ ಗಡ್ಡ ಬಂದ ಹಾಗೆ ಕಲ್ಲುಹೂವು ಜೋತಾಡುತ್ತಿರುತ್ತದೆ. ಚೆನ್ನಾಗಿತ್ತು. ಗೈಡ್ ಮಾತ್ರ ಆಗಾಗ 'ಮ್ಪೋಲಾ ಮ್ಪೋಲಾ' ಅನ್ನುತ್ತಿದ್ದ. ನಿಧಾನ, ನಿಧಾನ ಅಂತ.

ಮೂರನೇ ದಿನ ಬಿಗೋ ಜೌಗು. ದೂರದಿಂದ ನೋಡಿದರೆ ಹುಲ್ಲುಗಾವಲು. ಹತ್ತಿರ ಹೋದರೆ ಕಪ್ಪು ನೀರಿನ ನಡುವೆ ಮೊಣಕಾಲೆತ್ತರದ ಹುಲ್ಲಿನ ಗುಪ್ಪೆಗಳು. ಕೆಲವು ಕಡೆ ಹಲಗೆ ಹಾಕಿದ್ದಾರೆ. ಉಳಿದ ಕಡೆ ಗುಪ್ಪೆಯಿಂದ ಗುಪ್ಪೆಗೆ ಕುಪ್ಪಳಿಸಬೇಕು, ಕುಂಟೆಬಿಲ್ಲೆ ಆಡಿದ ಹಾಗೆ. ಪೋರ್ಟರುಗಳು ಇಪ್ಪತ್ತು ಕಿಲೋ ಹೊತ್ತು ದಾಟಿಬಿಟ್ಟರು. ನಾನು ಐದನೇ ಗುಪ್ಪೆಯಲ್ಲಿ ಜಾರಿ ತೊಡೆವರೆಗೆ ಹೂತೆ. ಎಳೆದು ಮೇಲೆ ತಂದರು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಆ ಬೂಟು ನೀರು ದಾಟಿಸುವುದಿಲ್ಲ. ಮೇಲಿನಿಂದ ಒಳಗೆ ಹೋದ ನೀರನ್ನು ಒಂದು ಹನಿಯೂ ಹೊರಗೆ ಬಿಡಲಿಲ್ಲ. ಗೈಡ್ ಏನೂ ಹೇಳದೆ ಪೋರ್ಟರ್ ಹೊರೆಯ ಹಗ್ಗ ಬಿಚ್ಚಿದ.

ಆಮೇಲೆ ನಾಲ್ಕು ದಿನ ಗಮ್‌ಬೂಟೇ. ಹಿಮದ ಮೇಲೆ ಹೋದಾಗ ಮಾತ್ರ ಬೇರೆ ಬೂಟು.

ಬುಜುಕು ಕಣಿವೆಯ ಗಿಡಗಳ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ನಮ್ಮ ಬಾಬಾಬುಡನ್ ಗಿರಿಯಲ್ಲಿ ಕಾಡುಹೊಗೆಸೊಪ್ಪು ನೋಡಿದ್ದೀರಲ್ವಾ? ಅದು ಲೊಬೆಲಿಯಾ. ಅದರದೇ ಅಣ್ಣತಮ್ಮಂದಿರು ಇಲ್ಲಿ ಆಳೆತ್ತರ, ಎರಡಾಳೆತ್ತರ ನಿಂತಿವೆ. ಇಲ್ಲಿ ಋತು ವರ್ಷಕ್ಕಲ್ಲ, ದಿನಕ್ಕೆ ಬದಲಾಗುತ್ತದೆ. ಹಗಲು ಬೇಸಿಗೆ, ರಾತ್ರಿ ಚಳಿಗಾಲ. ಅದಕ್ಕೆ ಒಂದೊಂದು ಗಿಡವೂ ಒಂದೊಂದು ಉಪಾಯ ಮಾಡಿಕೊಂಡಿದೆ. ಸೆನೆಸಿಯೋ ಮರ ಒಣಗಿದ ಎಲೆ ಉದುರಿಸುವುದಿಲ್ಲ, ಕಂಬಳಿಯ ಹಾಗೆ ಕಾಂಡಕ್ಕೆ ಸುತ್ತಿಕೊಂಡಿರುತ್ತದೆ. ಒಂದು ಜಾತಿಯ ಲೊಬೆಲಿಯಾ ಎಲೆಗಳ ಬಟ್ಟಲಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಆರೂವರೆಗೆ ನಾನು ಆ ಬಟ್ಟಲಿಗೆ ಬೆರಳು ಒತ್ತಿದೆ. ಹಪ್ಪಳದಷ್ಟು ತೆಳು ಮಂಜುಗಡ್ಡೆ, ಪಟ್ ಅಂತ ಒಡೆಯಿತು. ಕೆಳಗೆ ನೀರು ನೀರಾಗಿಯೇ ಇತ್ತು, ನಡುವಿನ ಮೊಗ್ಗು ಬೆಚ್ಚಗೆ. ಗಡ್ಡೆ ಒಡೆದಿದ್ದಕ್ಕೆ ಗೈಡ್ ಬೈದ. ಬೈಯಬೇಕಾದ್ದೇ.

ಎಲೆನಾ ಗುಡಿಸಲು 4,541 ಮೀಟರ್ ಎತ್ತರದಲ್ಲಿದೆ. ತಲೆನೋವು, ನಿದ್ದೆ ಇಲ್ಲ. ರಾತ್ರಿ ಎರಡಕ್ಕೆ ಹೊರಟೆವು. 1906ರ ಜೂನ್ 18ರಂದು ಇಟಲಿಯ ಅಬ್ರುಜ್ಜಿ ಡ್ಯೂಕ್ ಮೊದಲ ಸಲ ಈ ತುದಿ ಹತ್ತಿ ಅವರ ರಾಜಮಾತೆ ಮಾರ್ಗರಿಟಾಳ ಹೆಸರಿಟ್ಟ. ಆಗ ರುವೆಂಜೋರಿಯಲ್ಲಿ ಸುಮಾರು 6.5 ಚದರ ಕಿಲೋಮೀಟರ್ ಹಿಮ ಇತ್ತಂತೆ. 2003ರ ಹೊತ್ತಿಗೆ ಒಂದು ಚದರ ಕಿಲೋಮೀಟರೂ ಉಳಿದಿರಲಿಲ್ಲ. ನಾವು ಹಗ್ಗ ಕಟ್ಟಿಕೊಂಡು ಬೋಳು ಬಂಡೆ ಇಳಿದೆವು, ಮತ್ತೆ ಹತ್ತಿದೆವು. ಗೈಡ್ ಟಾರ್ಚ್ ಬಿಟ್ಟು ಬಂಡೆ ತೋರಿಸಿದ: "ನಾನು ಕೆಲಸಕ್ಕೆ ಸೇರಿದಾಗ ಇಲ್ಲಿ ಹಿಮದ ಮೇಲೇ ನಡೆಯುತ್ತಿದ್ದೆವು." ಬಕೊಂಜೊ ಜನ ಆ ಹಿಮದಲ್ಲಿ ಕಿಟಸಾಂಬಾ ಎಂಬ ದೇವರು ಇದ್ದಾನೆ ಅನ್ನುತ್ತಾರೆ. ಹಿಮ ಹೋದರೆ ಅವನು ಎಲ್ಲಿಗೆ ಹೋಗುತ್ತಾನೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ತುದಿಯಲ್ಲಿ ಹತ್ತು ನಿಮಿಷ ನಿಂತೆವು. ಸುತ್ತ ಬಿಳೀ ಮೋಡ. ಕಾಂಗೋ ಯಾವ ಕಡೆ ಅಂತಲೂ ಗೊತ್ತಾಗಲಿಲ್ಲ.

ಇಳಿಯುವಾಗ ಕಿಟಂದಾರಾ ಕೆರೆಗಳ ಹತ್ತಿರ ಒಂದು ರಾತ್ರಿ ಇದ್ದೆವು. ಅಲ್ಲಿ ಒಂದು ಕೇಳಿದೆ: ಹಿಮ ಮುಗಿದರೆ ಕೆಳಗಿನ ಊರುಗಳಿಗೆ ನೀರು? ಗೈಡ್ ತನ್ನ ಗಮ್‌ಬೂಟಿನ ಕೆಸರು ತೋರಿಸಿದ. ನದಿಗಳನ್ನು ಅಳೆದವರು ಹೇಳುವುದೂ ಅದನ್ನೇ. ಕೆಳಗಿನ ಹರಿವಿನಲ್ಲಿ ಹಿಮದ ಪಾಲು ತೀರಾ ಕಡಿಮೆ. ಮಳೆ ಬೀಳುತ್ತದೆ, ಜೌಗು ಕುಡಿಯುತ್ತದೆ, ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮುಬುಕು ನದಿ ಜಾರ್ಜ್ ಸರೋವರ ಸೇರುತ್ತದೆ. ಆ ನೀರು ಎಡ್ವರ್ಡ್ ಸರೋವರ, ಸೆಮ್ಲಿಕಿ ನದಿ, ಆಲ್ಬರ್ಟ್ ಸರೋವರ ದಾಟಿ ಕೊನೆಗೆ ನೈಲ್. ನಾನು ನಾಲ್ಕು ದಿನ ಬೈದುಕೊಂಡು ತುಳಿದದ್ದು ಈ ಕೆಸರನ್ನೇ.

ಏಳನೇ ದಿನ ಮಧ್ಯಾಹ್ನ ಕೆಳಗೆ ಬಂದೆವು. ಗಮ್‌ಬೂಟ್ ವಾಪಸ್ ಕೊಡಬೇಕಿತ್ತು. ಹೊಳೆಯ ದಂಡೆಯಲ್ಲಿ ಕೂತು ಒಂದೊಂದನ್ನೇ ತಲೆಕೆಳಗು ಮಾಡಿ ತೊಳೆದೆ. ಬಿಗೋದ ಕಪ್ಪು ಕೆಸರು ಬಿಳಿ ಕಲ್ಲುಗಳ ಮೇಲೆ ಒಂದು ಗೆರೆಯಾಗಿ ಇಳಿದು ಕಸೆಸೆ ಕಡೆ ಹೋಯಿತು. ನನ್ನ ದುಬಾರಿ ಬೂಟು ಮಾತ್ರ ಇನ್ನೂ ಒಣಗಿರಲಿಲ್ಲ.