ಮುತ್ಯಾನ ಪದಗಳಿಗೆ ಎರಡು ಬೆರಳು ಜಾಗ

ನೋಡಿ, ಇದು 73ನೇ ಪುಟ. ಪುಸ್ತಕವನ್ನು ಎಷ್ಟು ಅಗಲಿಸಿದರೂ ಸಾಲಿನ ಮೊದಲ ಅಕ್ಷರ ಕಾಣಿಸುತ್ತಿಲ್ಲ. ಹೊಲಿಗೆಯ ಒಳಗೆ ಹೋಗಿ ಕೂತಿದೆ. ಇನ್ನೂ ಒತ್ತಿದರೆ ಬೈಂಡಿಂಗ್ ಕಿತ್ತು ಬರುತ್ತದೆ.

ಎಲ್ಲರಿಗೂ ಕಲಬುರಗಿಯಿಂದ ಶರಣು. ಬೈಂಡಿಂಗ್ ಮಾಡಿಸುವ ಪುಸ್ತಕಕ್ಕೆ ಮಾರ್ಜಿನ್, ಅಂದರೆ ಅಂಚಿನ ಖಾಲಿ ಜಾಗ, ಹೇಗೆ ಇಡಬೇಕು ಅಂತ ಇವತ್ತು ಹೇಳುತ್ತೇನೆ. ಈ ಪುಸ್ತಕದಲ್ಲಿರುವುದು ನಮ್ಮ ಮುತ್ಯಾ, ಅಂದರೆ ಅಜ್ಜ, ಬರೆದಿಟ್ಟಿದ್ದ ತತ್ವಪದಗಳು, ಭಜನೆಯಲ್ಲಿ ಹಾಡುವ ಪದಗಳು. ಊರಲ್ಲಿ ಭಜನೆಗೆ ಕೂತಾಗ, ಇಲ್ಲಿ ಶರಣಬಸವೇಶ್ವರ ಜಾತ್ರೆಗೆ ಬಂದಾಗ ಕೇಳಿದ್ದನ್ನೆಲ್ಲ ಮೂರು ನೋಟ್‌ಬುಕ್ಕಿನಲ್ಲಿ ಬರೆದಿದ್ದ. ಅವನು ಹೋದ ಮೇಲೆ ಆಯಿ, ನಮ್ಮ ಅಜ್ಜಿ, ಅವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ನಾನು ಎಂಟು ತಿಂಗಳು ಕೂತು ಟೈಪ್ ಮಾಡಿದೆ. ಐದು ಪ್ರತಿ ಮಾಡಿಸಿ ಮನೆಯವರಿಗೆ, ಭಜನೆಯವರಿಗೆ ಕೊಡಬೇಕು ಅನ್ನುವುದು ಆಸೆ.

ಕಾಗದ ಉಳಿಯಲಿ ಅಂತ ವರ್ಡ್‌ನಲ್ಲಿ 'ನ್ಯಾರೋ' ಮಾರ್ಜಿನ್ ಇಟ್ಟಿದ್ದೆ. ಅಂದರೆ ನಾಲ್ಕೂ ಕಡೆ 1.27 ಸೆಂಟಿಮೀಟರ್. ಸೂಪರ್ ಮಾರ್ಕೆಟ್ ಹತ್ತಿರ ಬೈಂಡಿಂಗ್ ಮಾಡುವ ಚಾಚಾ ಹಾಳೆ ನೋಡಿದ ಕೂಡಲೇ ಹೇಳಿದ್ದರು: "ಏನವ್ವಾ, ಇಷ್ಟು ಅಂಚಿಗೆ ಹತ್ತಿ ಹೊಡಿಸ್ಕೊಂಡು ಬಂದ್ರ ನಾ ದಾರ ಎಲ್ಲಿ ಹಾಕ್ಲಿ?" ಪರವಾಗಿಲ್ಲ ಚಾಚಾ, ಒಂದು ಪ್ರತಿ ಮಾಡಿಕೊಡಿ ಅಂದೆ. ಮಾಡಿಕೊಟ್ಟರು. ಅದೇ ಈಗ ನನ್ನ ಕೈಯಲ್ಲಿರುವುದು.

ಚಾಚಾ ಹಾಳೆಗಳನ್ನು ಜೋಡಿಸಿ, ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ತೂತು ಹಾಕಿ ಹೊಲಿಯುತ್ತಾರೆ. ಹೊಲಿದ ಮೇಲೆ ಪುಟ ಅಲ್ಲಿಂದಲೇ ಮಡಚುತ್ತದೆ. 1.27ರಲ್ಲಿ ಒಂದು ಹೋದರೆ ಉಳಿದದ್ದು ಮೂರು ಮಿಲಿಮೀಟರ್ ಕೂಡ ಇಲ್ಲ. ಪುಸ್ತಕ ದಪ್ಪ ಇದ್ದಷ್ಟೂ ಪುಟ ನಡುವೆ ಬಾಗುತ್ತದೆ, ಆ ಮೂರು ಮಿಲಿಮೀಟರೂ ಆ ಬಾಗಿನಲ್ಲಿ ಮುಚ್ಚಿಹೋಗುತ್ತದೆ.

ಬೇರೆ ಬರಹ ಆಗಿದ್ದರೆ ಹೇಗೋ ಓದಿಕೊಳ್ಳಬಹುದಿತ್ತು. ಪದಗಳಲ್ಲಿ ಆಗುವುದಿಲ್ಲ. ನಮ್ಮ ಕನ್ನಡ ಪದಗಳ ಪ್ರಾಸ ಎಷ್ಟೋ ಸಲ ಸಾಲಿನ ಶುರುವಿನಲ್ಲೇ ಇರುತ್ತದೆ, ಎರಡನೇ ಅಕ್ಷರದಲ್ಲಿ. ಒಂದು ಸಾಲು 'ಮನೆ' ಅಂತ ಎದ್ದರೆ ಮುಂದಿನದು 'ಕೊನೆ' ಅಂತ ಏಳುತ್ತದೆ. ಹಾಡುವವರು ಹಿಡಿದುಕೊಳ್ಳುವುದೇ ಅದನ್ನು. ಆ ಜಾಗವನ್ನೇ ಹೊಲಿಗೆ ನುಂಗಿದರೆ ಹಾಡು ಎತ್ತುವುದು ಹೇಗೆ? ನನಗೆ ತುಂಬಾ ಬೇಜಾರಾಗಿದ್ದು ಇದಕ್ಕೇ.

ಇನ್ನೊಂದು ಗಮನಿಸಿ. 73 ಹೋಗಿದೆ, 75 ಹೋಗಿದೆ, ಆದರೆ 74 ಚೆನ್ನಾಗಿದೆ. ಬೆಸ ಪುಟ ಬಲಗಡೆ ಬರುತ್ತದೆ, ಅದರ ಎಡ ಅಂಚು ಹೊಲಿಗೆಗೆ ಹೋಗುತ್ತದೆ. ಸಮ ಪುಟಕ್ಕೆ ಬಲ ಅಂಚು ಹೊಲಿಗೆಯ ಕಡೆ. ಪದದ ಸಾಲು ಚಿಕ್ಕದು, ಬಲಗಡೆ ಖಾಲಿ ಇರುತ್ತದೆ, ಹಾಗಾಗಿ 74 ಬಚಾವ್ ಆಯಿತು. ಹಾಳೆಯ ಎರಡೂ ಬದಿ ಪ್ರಿಂಟ್ ಹಾಕುವಾಗ ಸುಮ್ನೆ ಎಡಗಡೆ ಮಾರ್ಜಿನ್ ಜಾಸ್ತಿ ಮಾಡಿದರೆ ಸಾಲದು ಅನ್ನುವುದು ಇದಕ್ಕೇ. ಸಮ ಪುಟದಲ್ಲಿ ಆ ಜಾಗ ಹೊರಗಡೆ ಹೋಗಿ ಕೂರುತ್ತದೆ.

ಈಗ ಸ್ಕ್ರೀನ್ ನೋಡಿ. ಮೊದಲು ಕಾಗದದ ಅಳತೆ ಎ4 ಇದೆಯಾ ಅಂತ ನೋಡಿಕೊಳ್ಳಿ, ಎಷ್ಟೋ ಕಂಪ್ಯೂಟರ್‌ಗಳಲ್ಲಿ 'ಲೆಟರ್' ಅನ್ನುವ ಬೇರೆ ಅಳತೆ ಇರುತ್ತದೆ. ಆಮೇಲೆ ಲೇಔಟ್, ಮಾರ್ಜಿನ್ಸ್, ಕಸ್ಟಮ್ ಮಾರ್ಜಿನ್ಸ್. ಕೆಳಗೆ 'ಮಲ್ಟಿಪಲ್ ಪೇಜಸ್' ಅಂತಿದೆಯಲ್ಲ, ಅಲ್ಲಿ 'ಮಿರರ್ ಮಾರ್ಜಿನ್ಸ್' ಆರಿಸಿ. ಲೆಫ್ಟ್, ರೈಟ್ ಇದ್ದದ್ದು ಇನ್‌ಸೈಡ್, ಔಟ್‌ಸೈಡ್ ಆಯಿತು, ನೋಡಿದಿರಾ? ನಾನು ನಾಲ್ಕೂ ಕಡೆ 2 ಸೆಂಟಿಮೀಟರ್ ಕೊಟ್ಟೆ. 'ಗಟರ್' ಅನ್ನುವಲ್ಲಿ 1.3. ಗಟರ್ ಅಂದರೆ ಹೊಲಿಗೆಗೆ ಅಂತಲೇ ತೆಗೆದಿಡುವ ಜಾಗ. ಎರಡೂ ಸೇರಿ ಒಳಗಡೆ 3.3 ಆಯಿತು. ನನ್ನ ಎರಡು ಬೆರಳು ಸರಿಯಾಗಿ ಕೂರುತ್ತವೆ.

ಹೊಲಿದ ಮೇಲೆ ಚಾಚಾ ಉಳಿದ ಮೂರು ಕಡೆ ಕತ್ತರಿಸಿ ಅಂಚು ಸಮ ಮಾಡುತ್ತಾರೆ. ಪುಟ ಸಂಖ್ಯೆ ತೀರಾ ಕೆಳಗಿದ್ದರೆ ಅದಕ್ಕೂ ಕತ್ತರಿ ಬೀಳುತ್ತದೆ. ಸ್ವಲ್ಪ ಮೇಲೆ ಎತ್ತಿಡಿ.

ಮಾರ್ಜಿನ್ ಬದಲಿಸಿದ ಮೇಲೆ 168 ಪುಟ ಇದ್ದದ್ದು 180 ಆಯಿತು. ಪರಿವಿಡಿ ಪೂರ್ತಿ ಮತ್ತೆ ಮಾಡಬೇಕಾಯಿತು. ಟೈಪ್ ಮಾಡುವ ಮೊದಲೇ ಮಾರ್ಜಿನ್ ಇಟ್ಟುಕೊಳ್ಳಿ, ದಯವಿಟ್ಟು.

ಕಾಲೇಜಿನ ಪ್ರಾಜೆಕ್ಟ್, ಥೀಸಿಸ್ ಮಾಡುವವರಿಗೆ ಒಂದು ಮಾತು. ಹಾಳೆಯ ಒಂದೇ ಬದಿ ಪ್ರಿಂಟ್ ಆದರೆ ಮಿರರ್ ಬೇಡ. ಎಡಗಡೆ ಒಂದೂವರೆ ಇಂಚು, ಅಂದರೆ 3.8 ಸೆಂಟಿಮೀಟರ್, ಉಳಿದ ಕಡೆ ಒಂದು ಇಂಚು ಇಡುವ ರೂಢಿ ಇದೆ. ನಿಮ್ಮ ವಿಭಾಗದವರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಇಡಿ.

ಪ್ರಿಂಟ್ ಹಾಕಿಸುವ ಅಂಗಡಿಗೆ ಪಿಡಿಎಫ್ ಮಾಡಿಕೊಂಡೇ ಹೋಗಿ, ಅಕ್ಷರ ಕೆಡುವುದಿಲ್ಲ. ಅಲ್ಲಿ 'ಫಿಟ್' ಅಂತ ಇದ್ದರೆ ತೆಗೆಸಿ 'ಆಕ್ಚುಯಲ್ ಸೈಜ್' ಹಾಕಿಸಿ. ಇಲ್ಲದಿದ್ದರೆ ಪುಟ ಕುಗ್ಗಿ, ನೀವು ಇಟ್ಟ ಅಳತೆಯೇ ಉಳಿಯುವುದಿಲ್ಲ. ಎರಡು ಬದಿಗೆ 'ಲಾಂಗ್ ಎಡ್ಜ್' ಹೇಳಿ, ಅಂದರೆ ಹಾಳೆ ಉದ್ದ ಅಂಚಿನ ಕಡೆಯಿಂದ ಮಗುಚಬೇಕು. ಮೊದಲು ಎಂಟು ಪುಟ ಮಾತ್ರ ತೆಗೆಸಿ. ಹೊಲಿಗೆ ಬರುವ ಅಂಚಿಗೆ ಕರಿ ಕ್ಲಿಪ್ ಹಾಕಿ, ಪುಸ್ತಕದ ಹಾಗೆ ತೆರೆದು, ಜೋರಾಗಿ ಓದಿ ನೋಡಿ. ನಾನು ಅಂಗಡಿ ಮುಂದೆ ನಿಂತೇ ಒಂದು ಪದ ಪೂರ್ತಿ ಓದಿದೆ.

ಇದು ಚಾಚಾ ಅವರ ಅಂಟು. ಮೈದಾ ಕಾಯಿಸಿ, ಹುಳ ಹಿಡಿಯದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತಾರೆ. ಬೆನ್ನಿಗೆ ಬಟ್ಟೆ ಅಂಟಿಸಿ, ಅಂಗೈಯಿಂದ ಹೀಗೆ ಒಂದೇ ಸಮ ಉಜ್ಜುತ್ತಾರೆ. ಗುಳ್ಳೆ ಉಳಿಯಬಾರದು.

ಹೊಸ ಅಳತೆಯಲ್ಲಿ ಮಾಡಿಸಿದ ಐದರಲ್ಲಿ ಮೊದಲ ಪ್ರತಿ ಆಯಿಗೆ ಕೊಟ್ಟೆ. ನಡುವೆ ಎಲ್ಲೋ ತೆರೆದು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಹೆಬ್ಬೆರಳು ಹೊರಗಿನ ಖಾಲಿ ಜಾಗದಲ್ಲಿತ್ತು, ಅದರ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಸಾಲಿನ ಮೊದಲಿಗೆ ಬೆರಳಿಟ್ಟು, ತಡವರಿಸದೆ ಪದ ಎತ್ತಿದಳು.

ಉಳಿದ ನಾಲ್ಕು ಪ್ರತಿ ಇನ್ನೂ ಚಾಚಾ ಅವರ ಅಂಗಡಿಯಲ್ಲಿ ಭಾರದ ಕೆಳಗಿವೆ. ಅಂಟು ಒಣಗಬೇಕು. ಸೋಮವಾರ ಹೋಗಿ ತರುತ್ತೇನೆ.