ಕುದುರೆಮುಖಕ್ಕೆ ಒಂದು ದಿನ, ಜೀಪಿಗೆ 2,500

ನಮಸ್ಕಾರ ಎಲ್ಲರಿಗೂ. ಈಗ ಕಾಣುತ್ತಿರುವುದು ಕುದುರೆಮುಖ ಅಲ್ಲ, ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಹದಿನೈದು ದಿನ ಸಂಜೆ ಇಲ್ಲಿ ಹತ್ತಿ ಇಳಿದು ಪ್ರಾಕ್ಟೀಸ್ ಮಾಡಿದೆವು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಆರು ದಿನ. ಉಳಿದ ದಿನ ಗಿರ್ಮಿಟ್, ಮಿರ್ಚಿ ತಿಂದು ವಾಪಸ್ ಬಂದೆವು.

ಇದು ಪರ್ಮಿಟ್ ತೆಗೆಸುವ ಶಾಟ್. ಅರಣ್ಯ ವಿಹಾರ ಅನ್ನುವ ವೆಬ್‌ಸೈಟ್, ಉಳಿದದ್ದು ಸ್ಕ್ರೀನ್ ಮೇಲೇ ಇದೆ. ದಿನಕ್ಕೆ 300 ಜನ, ಅಷ್ಟೇ. ಶನಿವಾರ ಫುಲ್, ಭಾನುವಾರ ಫುಲ್, ಮುಂದಿನ ಶನಿವಾರವೂ ಫುಲ್. ಅಪ್ಪ ಹಿಂದೆ ನಿಂತು, "ಗುಡ್ಡ ಹತ್ತಾಕೂ ಟಿಕೆಟ್ ತಗೋಬೇಕೇನಪಾ?" ಅಂದರು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ 2024ರ ಜನವರಿಯಲ್ಲಿ ಕುಮಾರ ಪರ್ವತದ ಹತ್ತಿರ ಜಾತ್ರೆಯಂತೆ ಜನ ಸೇರಿದ ವಿಡಿಯೊ ನೋಡಿದ್ದೀರಲ್ಲ, ಅದಾದ ಮೇಲೇ ಈ ಆನ್‌ಲೈನ್ ಪದ್ಧತಿ ಬಿಗಿಯಾದದ್ದು. ನಮಗೆ ಸಿಕ್ಕಿದ್ದು ಮಂಗಳವಾರ. ಒಬ್ಬ ಆಫೀಸಿಗೆ ಜ್ವರ ಅಂತ ಹೇಳಿ ಬಂದಿದ್ದಾನೆ. ಯಾರು ಅಂತ ಹೇಳುವುದಿಲ್ಲ, ಎಡಗಡೆ ನೀಲಿ ಟೋಪಿ.

ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆಯಲ್ಲಿ ಕಟ್ಟಿದ್ದು. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಚಿಪ್ಸ್ ಪ್ಯಾಕೆಟ್ ತಂದವರು ಚೆಕ್‌ಪೋಸ್ಟಿನಲ್ಲೇ ನಿಂತು ಖಾಲಿ ಮಾಡುತ್ತಿದ್ದರು.

ರಾತ್ರಿ ಪ್ರಯಾಣ ಕಟ್. ಎಲ್ಲರೂ ಮಲಗಿದ್ದೆವು, ನಾನು ಕ್ಯಾಮೆರಾ ಹಿಡಿದುಕೊಂಡೇ.

ಈಗ ಜೀಪಿನ ವಿಷಯ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಡಾಂಬರು ರಸ್ತೆ ಬಿಟ್ಟ ಮೇಲೆ, ಬೆಟ್ಟ ಹತ್ತಲು ಶುರು ಮಾಡುವ ಊರು ಮುಳ್ಳೋಡಿಗೆ ಬರೀ ಆರೇಳು ಕಿಲೋಮೀಟರ್. ಅದಕ್ಕೆ ಹೋಗಿ ಬರಲು ಎರಡೂವರೆ ಸಾವಿರ! ನಮ್ಮಲ್ಲಿ ಅಷ್ಟು ದೂರಕ್ಕೆ ಚಿಗರಿ ಬಸ್ಸಿನಲ್ಲಿ ಚಿಲ್ಲರೆ ಕೊಟ್ಟು ಹೋಗುತ್ತೇವೆ, ಅದೂ ಎಸಿಯಲ್ಲಿ. ಎಂಟು ಜನ ಇದ್ದರೂ ಅದೇ ರೇಟು, ನಾಲ್ಕು ಜನ ಇದ್ದರೂ ಅದೇ. ನಾವು ನಾಲ್ಕೇ. ಇನ್ನೊಂದು ಗುಂಪು ಬರಬಹುದು ಅಂತ ಮುಕ್ಕಾಲು ಗಂಟೆ ಕಾದೆವು. ಮಂಗಳವಾರ, ಯಾರು ಬರುತ್ತಾರೆ? ನಮ್ಮ ಕಾರಿನಲ್ಲೇ ಹೋಗೋಣ ಅಂತ ನಾನು ಹಟ ಹಿಡಿದೆ. ಡ್ರೈವರ್ ಅಣ್ಣ ನಕ್ಕು, "ಹೋಗಿ ಸಾರ್, ವಾಪಸ್ ಎಳೆದು ತರಲಿಕ್ಕೂ ನನ್ನನ್ನೇ ಕರೀಬೇಕು" ಅಂದರು. ಹತ್ತಿದೆವು. ಮೊದಲ ತಿರುವಿನಲ್ಲೇ ನನ್ನ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯಿತು, ನೋಡಿ, ಇಲ್ಲೇ. ಅದು ರಸ್ತೆ ಅಲ್ಲ, ನೀರಿಲ್ಲದ ಹಳ್ಳ. ಮುಳ್ಳೋಡಿಯಲ್ಲಿ ಇಳಿಯುವಾಗ ಅನಿಸಿತು, ಎರಡೂವರೆ ಸಾವಿರ ಕಡಿಮೆಯೇ. ಇಷ್ಟು ದೂರ ನಡೆದು ಬಂದಿದ್ದರೆ ಬೆಳಗಿನ ತಂಪೆಲ್ಲ ಅಲ್ಲೇ ಹೋಗುತ್ತಿತ್ತು. ಹಾಳಾದದ್ದು ಆ ಮುಕ್ಕಾಲು ಗಂಟೆ, ಅದು ನನ್ನ ತಪ್ಪು.

ಯಾಕೆಂದರೆ ಮೇಲೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಮೇಲೇ ಇದೆ. ಕಾಡಿನಲ್ಲಿ ಟೆಂಟ್ ಹಾಕುವ ಹಾಗಿಲ್ಲ, ಕತ್ತಲಾಗುವುದರೊಳಗೆ ಇಳಿಯಲೇಬೇಕು. ಅದಕ್ಕೇ ನಾವು ಲೆಕ್ಕ ಹಾಕಿದ್ದು ಹಿಂದಿನಿಂದ. ಎಲ್ಲೇ ಇರಲಿ, ಒಂದು ಗಂಟೆಗೆ ತಿರುಗುವುದು. ತುದಿ ಎದುರಿಗೇ ಕಂಡರೂ ತಿರುಗುವುದು.

ಇದು ಒಂಟಿಮರ. ಎಲ್ಲರೂ ಇಲ್ಲಿ ಫೋಟೊ ತೆಗೆಸುತ್ತಾರೆ, ನಾವೂ. ಡ್ರೋನ್ ಶಾಟ್ ಕೇಳಬೇಡಿ, ಬಿಡುವುದಿಲ್ಲ. ಇದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು ಗೊತ್ತಾ? 1987ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೂ ಗಣಿ ನಡೆಯಿತು, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ನಮ್ಮ ಕಪ್ಪತಗುಡ್ಡಕ್ಕೂ ಗಣಿ ಬೇಡ ಅಂತ ಗದಗಿನ ಜನ ಎಷ್ಟು ವರ್ಷ... ಅಯ್ಯೋ, ಶಾಟ್ ಮುಗಿಯಿತು, ಮುಂದೆ ಹೋಗೋಣ.

ಇಂಬಳ! ನಮ್ಮ ಕಡೆ ಜಿಗಣೆ ಅನ್ನುತ್ತೇವೆ. ದೊಡ್ಡಪ್ಪನ ಚಂಚಿಯಿಂದ ಸುಣ್ಣ, ತಂಬಾಕು ತಂದಿದ್ದೆ. ಕಾಲಿಗೆ ಹಚ್ಚಿಕೊಂಡವನಿಗೂ ಹತ್ತಿತು, ಹಚ್ಚಿಕೊಳ್ಳದವನಿಗೂ ಹತ್ತಿತು.

ಹನ್ನೆರಡೂ ನಲವತ್ತು. 1,894 ಮೀಟರ್. ಎಲ್ಲಾ ಬಿಳಿ, ಮಂಜು ಬಿಟ್ಟು ಏನೂ ಇಲ್ಲ. ಕುದುರೆ ಎಲ್ಲಿ ಅಂತ ನೀಲಿ ಟೋಪಿ ಕೇಳಿದ. ಅದರ ಮುಖದ ಮೇಲೇ ನಿಂತರೆ ಹೇಗೆ ಕಾಣಬೇಕು? ರೊಟ್ಟಿ ತಿಂದೆವು, ಒಂದು ಗಂಟೆಗೆ ತಿರುಗಿದೆವು. ಹತ್ತು ನಿಮಿಷ ಇಳಿದ ಮೇಲೆ ಮಂಜು ಸರಿಯಿತು, ಇದೇ ಆ ಶಾಟ್. ಒಂದು ನಿಮಿಷ ನಾನು ಮಾತಾಡುವುದಿಲ್ಲ.

ಆಯ್ತು. ಕೆಳಗೆ ಜೀಪ್ ಕಾಯುತ್ತಿದೆ. ನೀಲಿ ಟೋಪಿ, ನಿನ್ನ ಪಾಲಿನ 625 ಇನ್ನೂ ಬಂದಿಲ್ಲ. ಜ್ವರ ಬಿಟ್ಟಿದ್ದರೆ ಕಳಿಸು.