ನೀರಿನ ಮೇಲೆ ಬಾಗಿದ ಕೊಂಬೆ ಇರಲಿ

ಕೇಳುಗರಿಗೆಲ್ಲ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಬಸಿಗಾಲುವೆ ಬಿಡಿಸುವ ಕೆಲಸ ನಡೆದಿರುತ್ತದೆ. ಘಟ್ಟದ ಕೆಳಗೆ ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರದ ಕಡೆ ಮಾಡಿನ ಹಂಚು ಸರಿಮಾಡುತ್ತಿರುತ್ತೀರಿ. ಇದೇ ಹೊತ್ತಿಗೆ ಕತ್ತಿ ಹಿಡಿದು ಬಾವಿ, ಹೊಂಡ, ಕೆರೆಯ ಸುತ್ತ ಸವರುವ ಕೆಲಸವೂ ಶುರುವಾಗುತ್ತದೆ. ಎಲೆ ಬಿದ್ದು ನೀರು ಹೊಲಸಾಗುತ್ತದೆ ಅಂತ ನೀರಿನ ಮೇಲೆ ಚಾಚಿದ ಕೊಂಬೆಗಳನ್ನೆಲ್ಲ ಕಡಿದು ಹಾಕುತ್ತೇವೆ. ಇವತ್ತು ನನ್ನನ್ನು ಕರೆದಿರುವುದು ಮರಗಪ್ಪೆಗಳ ಬಗ್ಗೆ ಮಾತಾಡಲಿಕ್ಕೆ. ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿನ ಮೇಲೆ ಬಾಗಿದ ಕೊಂಬೆಯನ್ನು ಕಡಿಯಬೇಡಿ.

ಕಪ್ಪೆ ಅಂದ ಕೂಡಲೇ ನಮಗೆ ನೆನಪಾಗುವುದು ಗದ್ದೆಯ ಕಪ್ಪೆ. ಅದಕ್ಕೆ ನೀರಲ್ಲೇ ಮೊಟ್ಟೆ, ನೀರಲ್ಲೇ ಗೊದಮೊಟ್ಟೆ, ನೀರಿನ ಅಂಚಲ್ಲೇ ಬದುಕು. ನಾನಿವತ್ತು ಹೇಳುವ ನಮ್ಮ ಕಡೆಯ ಮರಗಪ್ಪೆಯ ಲೆಕ್ಕ ಬೇರೆ. ವರ್ಷದ ಹೆಚ್ಚು ದಿನ ಅದು ಮೇಲೆ, ಎಲೆಗಳ ನಡುವೆ ಇರುತ್ತದೆ. ಮಳೆ ಹಿಡಿದ ಮೇಲೆ ಮೊಟ್ಟೆ ಇಡಲಿಕ್ಕೆ ಕೆಳಗೆ ಬರುತ್ತದೆ. ಆಗಲೂ ಮೊಟ್ಟೆಯನ್ನು ನೀರಿಗೆ ಹಾಕುವುದಿಲ್ಲ. ನೀರಿನ ಮೇಲಿರುವ ಕೊಂಬೆಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಯಾಕೆ? ನೀರಿನಲ್ಲಿ ಮೀನಿದೆ, ನೀರಹುಳಗಳಿವೆ, ಬೇರೆ ಕಪ್ಪೆಗಳ ಗೊದಮೊಟ್ಟೆಗಳಿವೆ. ಮೊಟ್ಟೆ ಕಂಡರೆ ಎಲ್ಲವೂ ತಿನ್ನುತ್ತವೆ. ಹಾಗಾಗಿ ಮೊಟ್ಟೆ ಮೇಲೆ, ಮರಿಗೆ ಬೇಕಾದ ನೀರು ಕೆಳಗೆ. ಮರಿ ಹೊರಬಂದ ದಿನ ನೇರ ಕೆಳಗೆ ಬೀಳಬೇಕು, ಬಿದ್ದಲ್ಲಿ ನೀರಿರಬೇಕು. ಒಂದು ಮೊಳ ಆಚೆ ಬಿದ್ದರೂ ಮರಿ ಸತ್ತಿತು. ಬರೀ ಮರ ಇದ್ದರೆ ಮರಗಪ್ಪೆಗೆ ಸಾಕಾಗುವುದಿಲ್ಲ, ಬರೀ ಕೆರೆ ಇದ್ದರೂ ಸಾಕಾಗುವುದಿಲ್ಲ. ಕೆರೆಯ ಮೇಲೆ ಬಾಗಿದ ಮರ ಬೇಕು.

ಮರ ಹತ್ತುವ ಬಗೆಯನ್ನೂ ಒಂದು ನಿಮಿಷ ಹೇಳುತ್ತೇನೆ. ಮರಗಪ್ಪೆಯ ಬೆರಳ ತುದಿಯಲ್ಲಿ ಅಗಲವಾದ ಬಿಲ್ಲೆ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಆರು ಮೂಲೆಯ ಸಣ್ಣ ಸಣ್ಣ ಕೋಶಗಳು, ಅವುಗಳ ನಡುವೆ ಕಾಲುವೆ, ಕಾಲುವೆಯಲ್ಲಿ ಲೋಳೆ. ಆ ತೆಳುವಾದ ಲೋಳೆಯ ಪದರವೇ ಕಪ್ಪೆಯನ್ನು ಒದ್ದೆ ಎಲೆಗೂ ಕಿಟಕಿಯ ಗಾಜಿಗೂ ಹಿಡಿದು ನಿಲ್ಲಿಸುತ್ತದೆ. ನಿಮ್ಮ ಬಚ್ಚಲುಮನೆಯ ಗೋಡೆಗೆ ಕಂದು ಬಣ್ಣದ ಕಪ್ಪೆಯೊಂದು ಅಂಟಿ ಕೂತಿರುತ್ತದಲ್ಲ, ಕರಾವಳಿಯ ಮನೆಗಳಲ್ಲಂತೂ ಮಾಮೂಲಿ, ಅದೂ ಮರಗಪ್ಪೆಯೇ. ವಿಷ ಇಲ್ಲ, ಕಚ್ಚುವುದಿಲ್ಲ. ದಯವಿಟ್ಟು ಪೊರಕೆ ತರಬೇಡಿ.

ಜಗತ್ತಿನಲ್ಲಿ ಮರಗಪ್ಪೆಗಳ ದೊಡ್ಡ ಮನೆತನ ಎರಡು. ಒಂದು ಹೈಲಿಡೇ, ಇದು ಅಮೆರಿಕ ಖಂಡಗಳಲ್ಲಿ ಜಾಸ್ತಿ, ಯುರೋಪಿನಲ್ಲೂ ಇದೆ, ಆಸ್ಟ್ರೇಲಿಯಾದ ಮರಗಪ್ಪೆಗಳೂ ಇದಕ್ಕೇ ಹತ್ತಿರ. ಇನ್ನೊಂದು ರ‍್ಯಾಕೊಫೊರಿಡೇ, ಏಷ್ಯಾ ಮತ್ತು ಆಫ್ರಿಕಾದ್ದು. ನಮ್ಮ ಸಹ್ಯಾದ್ರಿಯವು ಈ ಎರಡನೆಯ ಮನೆತನದವು. ನೋಡಲಿಕ್ಕೆ ಎಲ್ಲ ಒಂದೇ ಥರ ಕಂಡರೂ ಈ ಎರಡು ಮನೆತನಗಳು ಹತ್ತಿರದ ನೆಂಟರಲ್ಲ. ನಮ್ಮ ಮರಗಪ್ಪೆ ಗದ್ದೆಕಪ್ಪೆಗೆ ಹತ್ತಿರ, ಅಮೆರಿಕದ್ದು ಒರಟು ಮೈಯ ನೆಲಗಪ್ಪೆಗೆ ಹತ್ತಿರ. ಬೇರೆ ಬೇರೆ ಖಂಡದಲ್ಲಿ, ಬೇರೆ ಬೇರೆಯಾಗಿ ಮರ ಹತ್ತಿದವು ಇವು. ಆದರೂ ಮೊಟ್ಟೆಗೆ ಜಾಗ ಹುಡುಕುವಾಗ ಎರಡೂ ಮನೆತನದಲ್ಲಿ ಎಷ್ಟೋ ಕಪ್ಪೆಗಳು ಬಂದು ಸೇರಿದ್ದು ಒಂದೇ ಕಡೆ, ನೀರಿನ ಮೇಲಿನ ಕೊಂಬೆಗೆ. ಆ ಜಾಗದ ಬೆಲೆ ಎಷ್ಟು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈಗ ನಮ್ಮ ಜಿಲ್ಲೆಯ ರಾಜನ ವಿಷಯ. ಮಲಬಾರ್ ಹಾರುವ ಕಪ್ಪೆ. 1870ರಲ್ಲಿ ಜೆರ್ಡನ್ ಎಂಬ ವೈದ್ಯ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬೆನ್ನು ಎಳೆ ಎಲೆಯ ಹಸಿರು, ಬೆರಳುಗಳ ನಡುವಿನ ಜಾಲಪೊರೆ ಕೇಸರಿ ಮಿಶ್ರಿತ ಕೆಂಪು. ಹೆಣ್ಣು ಸುಮಾರು 10 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಎತ್ತರದ ಕೊಂಬೆಯಿಂದ ಕೈಕಾಲು ಚಾಚಿ, ಆ ಪೊರೆಗಳನ್ನು ಬಿಡಿಸಿ, 9ರಿಂದ 12 ಮೀಟರ್ ದೂರ ತೇಲಿ ಇಳಿಯುತ್ತದೆ. ಹಗಲಿಡೀ ಎಲೆಗೆ ಅಂಟಿ ಕಣ್ಣು ಮುಚ್ಚಿ ಕೂತಿರುವುದರಿಂದ ನಾವು ಪಕ್ಕದಲ್ಲೇ ಓಡಾಡಿದರೂ ಕಾಣುವುದಿಲ್ಲ.

ಇದರ ಬಗ್ಗೆ ನಾನು ಎಲ್ಲಿ ಹೋದರೂ ಹೇಳುವ ಒಂದು ಕಥೆ ಇದೆ. ದೇವಿಮನೆ ಘಟ್ಟದ ಮೇಲ್ಗಡೆ ಒಂದು ಹಳ್ಳಿ. ತೋಟದ ಮನೆ. ಮನೆಯ ಕೆಳಗೆ ಹಳೆಯ ಹೊಂಡ, ಹೊಂಡದ ಮೇಲೆ ಬಾಗಿದ ಒಂದು ನೇರಳೆ ಮರ. ಜೂನ್ ತಿಂಗಳು, ಮಳೆ ಹಿಡಿದು ಹತ್ತು ಹನ್ನೆರಡು ದಿನ ಆಗಿರಬಹುದು. ಆ ಮನೆಯ ಯಜಮಾನರು ಫೋನ್ ಮಾಡಿದರು. ನಮ್ಮ ಹೊಂಡದ ಮೇಲಿನ ಕೊಂಬೆಗೆ ಯಾರೋ ಸೋಪಿನ ನೊರೆ ಎಸೆದ ಹಾಗಿದೆ, ಎರಡು ಮೂರು ಕಡೆ ಮುದ್ದೆ ಕಟ್ಟಿದೆ, ಮರಕ್ಕೆ ರೋಗವೋ ಏನೋ, ಹೇಗೂ ಎಲೆ ಬಿದ್ದು ನೀರು ಕೆಡ್ತಾ ಇದೆ, ನಾಳೆ ಆಳು ಬರ್ತಾನೆ, ಕಡಿಸಿಬಿಡ್ತೇನೆ ಅಂದರು. ಕಡಿಸಬೇಡಿ, ನಾನು ಬರುತ್ತೇನೆ ಅಂದೆ. ಸಂಜೆಯೇ ಹೊರಟೆ.

ಕತ್ತಲಾಗುವವರೆಗೆ ಜಗಲಿಯಲ್ಲಿ ಕೂತೆವು. ಯಜಮಾನರು, ಅವರ ತಾಯಿ, ಏಳನೇ ಕ್ಲಾಸಿನ ಒಬ್ಬ ಮಾಣಿ. ಎಂಟು ಗಂಟೆಯ ಹೊತ್ತಿಗೆ ಮಳೆ ಸ್ವಲ್ಪ ಸಣ್ಣಗಾಯಿತು, ಹೊಂಡದ ಕಡೆಯಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಕೊಡೆ ಹಿಡಿದು, ಕಾಲಿಗೆ ಹತ್ತುವ ಉಂಬಳ ಕೀಳುತ್ತಾ ಕೆಳಗಿಳಿದೆವು. ಅಜ್ಜಿ ಬರುವುದು ಬೇಡ, ಕಾಲು ಜಾರುತ್ತದೆ ಅಂದರೆ ಕೇಳಲಿಲ್ಲ, ಕೋಲು ಊರಿಕೊಂಡು ಬಂದೇ ಬಂದರು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೇರಳೆ ಕೊಂಬೆಯತ್ತ ಹಿಡಿದೆ. ಮೊದಲು ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ಮಾಣಿ, ಅಲ್ಲಿ ಅಲ್ಲಿ, ಅಂತ ಕೂಗಿದ. ನೀರಿನಿಂದ ಒಂದಾಳೆತ್ತರ ಮೇಲೆ, ಎಲೆಗಳ ನಡುವೆ ದೊಡ್ಡ ಹೆಣ್ಣು. ಅದರ ಬೆನ್ನ ಮೇಲೆ ಒಂದು ಗಂಡು, ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು. ಹೆಣ್ಣು ಮೈಯಿಂದ ಒಂದು ದ್ರವ ಬಿಡುತ್ತಾ, ಹಿಂಗಾಲುಗಳಲ್ಲಿ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿತ್ತು. ಕಡೆದಷ್ಟೂ ಬಿಳಿ ನೊರೆ ಏಳುತ್ತಿತ್ತು, ನೊರೆಯ ಒಳಗೇ ಮೊಟ್ಟೆ ಸೇರುತ್ತಿತ್ತು. ಸ್ವಲ್ಪ ಕಡೆಯುವುದು, ನಿಲ್ಲುವುದು, ಮತ್ತೆ ಕಡೆಯುವುದು. ಬಹಳ ಹೊತ್ತು ನಡೆಯಿತು. ನಡುವೆ ಹೆಣ್ಣು ಕಾಲಿನಿಂದ ಸುತ್ತಲಿನ ಎಲೆಗಳನ್ನು ಎಳೆದು ನೊರೆಗೆ ಅಂಟಿಸುತ್ತಿತ್ತು. ನಾನು ಇದನ್ನು ಮೊದಲೂ ನೋಡಿದ್ದೆ, ಆದರೂ ಆ ಮಳೆಯಲ್ಲಿ ನಿಂತು ನೋಡುವಾಗ ಮೈ ಜುಮ್ ಅಂದಿತು. ಅಜ್ಜಿ ಕೊಡೆಯ ಕೆಳಗಿಂದ, ಇದೆಂತದು ತಮಾ, ಇಷ್ಟು ವರ್ಷ ಇಲ್ಲೇ ಇದ್ದಿದ್ದೆ, ಕಂಡೇ ಇರಲಿಲ್ಲೆ, ಅಂದರು.

ಬೆಳಿಗ್ಗೆ ಕತ್ತಿ ಹಿಡಿದು ಆಳು ಬಂದ. ಅಜ್ಜಿ ಜಗಲಿಯಿಂದಲೇ ಹೇಳಿದರು, ದೀಪಾವಳಿ ಕಳಿಯವರೆಗೆ ಅದ್ರ ತಂಟೆಗೆ ಹೋಗಡಿ. ಅಷ್ಟಕ್ಕೇ ಮುಗಿಯಿತು, ಯಜಮಾನರೂ ಮರುಮಾತಾಡಲಿಲ್ಲ. ಮಾಣಿಗೆ ನಾನೊಂದು ಕೆಲಸ ಕೊಟ್ಟೆ. ದಿನಾ ಶಾಲೆಗೆ ಹೋಗುವ ಮುಂಚೆ ನೊರೆಯನ್ನು ದೂರದಿಂದ ನೋಡಿ, ಬಣ್ಣ ಹೇಗಿದೆ, ಒಣಗಿದೆಯಾ, ಕರಗಿದೆಯಾ ಅಂತ ನೋಟ್‌ಬುಕ್ಕಿನಲ್ಲಿ ಬರಿ, ಕೈ ಹಾಕಬೇಡ ಅಂದೆ. ನೊರೆಯ ಹೊರಮೈ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಹಾಗೇ ಉಳಿಯುತ್ತದೆ, ಆ ತೇವದಲ್ಲಿ ಮರಿ ಬೆಳೆಯುತ್ತದೆ. ಸುಮಾರು ಒಂದು ವಾರ ಬೇಕು. ಒಂದು ದಿನ ಜೋರು ಮಳೆ ಹೊಡೆದಾಗ ಮಾಣಿಯ ಫೋನ್ ಬಂತು. ನೊರೆ ಕರಗಿ ದಾರದ ಹಾಗೆ ಇಳಿತಾ ಇದೆ, ಒಳಗಿಂದ ಪಟಪಟ ಅಂತ ಗೊದಮೊಟ್ಟೆ ಉದುರ್ತಾ ಇವೆ, ಒಂದೂ ಹೊರಗೆ ಬೀಳ್ತಾ ಇಲ್ಲ, ಎಲ್ಲ ನೀರಿಗೇ, ಅಂತ ಒಂದೇ ಉಸಿರಿಗೆ ಹೇಳಿದ. ಆ ಕೊಂಬೆ ಈಗಲೂ ಇದೆ. ಹೊಂಡದ ನೀರು ಕೆಟ್ಟಿಲ್ಲ. ಬಿದ್ದ ಎಲೆಯನ್ನು ಬೇಸಿಗೆಯಲ್ಲಿ ಒಮ್ಮೆ ಬಾಚಿ ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತಾರೆ, ಅಷ್ಟೆ.

ಕಥೆ ಸ್ವಲ್ಪ ಉದ್ದವಾಯಿತು, ಸಮಯ ಓಡ್ತಾ ಇದೆ. ಹೊರದೇಶದ ಕಡೆ ಬೇಗ ಬೇಗ ಹೋಗಿ ಬರೋಣ. ಜಪಾನಿನಲ್ಲಿ ನಮ್ಮ ಕಪ್ಪೆಯ ದಾಯಾದಿ ಒಂದಿದೆ, ಅದೂ ಕೊಳದ ಮೇಲಿನ ಕೊಂಬೆಗೆ ನೊರೆಗೂಡು ಕಟ್ಟುತ್ತದೆ. ಫುಕುಶಿಮಾ ಪ್ರಾಂತದ ಕವಾಉಚಿ ಎಂಬ ಹಳ್ಳಿಯಲ್ಲಿ ಅದು ಮೊಟ್ಟೆಯಿಡುವ ಕೊಳವನ್ನೇ ಅಲ್ಲಿನ ಸರ್ಕಾರ ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿ ಕಾಯುತ್ತಿದೆ. ನಮ್ಮಲ್ಲಿ ಕೆರೆ ಅಭಿವೃದ್ಧಿ ಅಂದರೆ ದಂಡೆಯ ಮರ ಬೋಳಿಸುವುದು, ಸುತ್ತ ಕಲ್ಲು ಕಟ್ಟುವುದು, ಮೇಲೆ ಒಂದು ಬೋರ್ಡು ಹಾಕುವುದು. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಹೂಳು ತೆಗೆಯಿರಿ, ಬೇಡ ಅನ್ನುವುದಿಲ್ಲ. ಕೊಂಬೆ ಯಾಕೆ ಕಡಿಯಬೇಕು?

ಆಫ್ರಿಕಾದ ಒಣ ಹುಲ್ಲುಗಾಡಿನಲ್ಲೂ ನೊರೆಗೂಡಿನ ಕಪ್ಪೆ ಇದೆ, ಬೂದು ಬಣ್ಣದ್ದು. ಬಿಸಿಲು ಏರಿದಾಗ ಮೈ ಬೆಳ್ಳಗೆ ಮಾಡಿಕೊಳ್ಳುತ್ತದೆ, ನೀರು ಉಳಿಸಲಿಕ್ಕೆ ಹಕ್ಕಿಗಳಂತೆ ಯೂರಿಕ್ ಆಮ್ಲ ಹೊರಹಾಕುತ್ತದೆ. ಅಂಥ ಬರಗಾಡಿನಲ್ಲಿಯೂ ಅದು ಕಾಯುವುದು ಮಳೆ ಬಿದ್ದು ನಿಂತ ಗುಂಡಿಯನ್ನು, ಮತ್ತು ಅದರ ಮೇಲಿನ ಕೊಂಬೆಯನ್ನು. ಕೋಸ್ಟರಿಕಾ, ಪನಾಮಾ ಕಡೆ ಕೆಂಪು ಕಣ್ಣಿನ ಮರಗಪ್ಪೆ ಇದೆ, ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. ಅದು ನೊರೆ ಕಟ್ಟುವುದಿಲ್ಲ, ನೀರಿನ ಮೇಲಿನ ಎಲೆಗೆ ಲೋಳೆಯ ಮೊಟ್ಟೆ ಅಂಟಿಸುತ್ತದೆ. ಹಾವು ಬಂದು ಮೊಟ್ಟೆಗೆ ಬಾಯಿ ಹಾಕಿದರೆ, ಆ ಅಲುಗಾಟ ತಿಳಿದು ಒಳಗಿನ ಮರಿಗಳು ದಿನ ತುಂಬುವ ಮೊದಲೇ ಒಡೆದು ಹೊರಬಂದು ಕೆಳಗೆ ನೀರಿಗೆ ಧುಮುಕುತ್ತವೆ. ಮಳೆ ಹನಿಯ ಅಲುಗಾಟಕ್ಕೆ ಹಾಗೆ ಮಾಡುವುದಿಲ್ಲ. ಇನ್ನೂ ಹುಟ್ಟದ ಮರಿಗೆ ಹಾವು ಯಾವುದು, ಮಳೆ ಯಾವುದು ಗೊತ್ತಾಗುತ್ತದೆ! ಆದರೆ ಆ ಬುದ್ಧಿ ಉಪಯೋಗಕ್ಕೆ ಬರುವುದು ಕೆಳಗೆ ನೀರಿದ್ದರೆ ಮಾತ್ರ.

ಪನಾಮಾದ್ದೇ ಇನ್ನೊಂದು ಕಪ್ಪೆ, ಮರದ ಪೊಟರೆಯಲ್ಲಿ ನಿಂತ ನೀರಿನಲ್ಲಿ ಮರಿ ಬೆಳೆಸುತ್ತಿದ್ದದ್ದು. ಗಂಡು ತನ್ನ ಚರ್ಮವನ್ನೇ ಮರಿಗಳಿಗೆ ತಿನ್ನಿಸುತ್ತಿತ್ತು. ರ‍್ಯಾಬ್ಸ್ ಮರಗಪ್ಪೆ ಅಂತ 2008ರಲ್ಲಿ ಹೆಸರು ಕೊಟ್ಟರು. ಅಷ್ಟರಲ್ಲೇ ಕಪ್ಪೆಗಳ ಚರ್ಮಕ್ಕೆ ಹತ್ತುವ ಶಿಲೀಂಧ್ರ ರೋಗ ಆ ಕಾಡಿಗೆ ಬಂದಿತ್ತು. ಗೊತ್ತಿದ್ದ ಕೊನೆಯ ಒಂದು ಗಂಡು ಅಮೆರಿಕದ ಅಟ್ಲಾಂಟಾ ಸಸ್ಯೋದ್ಯಾನದಲ್ಲಿ 2016ರ ಸೆಪ್ಟೆಂಬರಿನಲ್ಲಿ ಸತ್ತಿತು. ನಮ್ಮವು ಇನ್ನೂ ಇವೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ನಮ್ಮ ಜಿಲ್ಲೆಯದೇ ಇನ್ನೊಂದು ಹೇಳಲೇಬೇಕು. ಸಿದ್ದಾಪುರ ತಾಲೂಕಿನ ಕತ್ತಲೆಕಾನು, ರಾಮಪತ್ರೆ ಜಡ್ಡಿಗಳ, ಅಂದರೆ ರಾಮಪತ್ರೆ ಮರಗಳಿರುವ ಜೌಗು ನೆಲದ ಕಾಡು. ಅಲ್ಲಿ ಕಪ್ಪೆ ಸಂಶೋಧಕ ಕೆ. ವಿ. ಗುರುರಾಜ ಮತ್ತು ಅವರ ಜೊತೆಗಾರರು ಒಂದು ಹೊಸ ಕಪ್ಪೆಯನ್ನು ಗುರುತಿಸಿ 2014ರಲ್ಲಿ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು. ಇದು ಮರಗಪ್ಪೆ ಅಲ್ಲ, ಹಳ್ಳದ ಕಪ್ಪೆ. ಆದರೆ ಮೊಟ್ಟೆ ಇಡುವುದು ಹಳ್ಳದ ನೀರಿನ ಮೇಲೆ ಚಾಚಿದ ಕಡ್ಡಿಗೆ, ಬೇರಿಗೆ. ಗಂಡು ಕಪ್ಪೆ ಹಳ್ಳದಿಂದ ಕೈಯಲ್ಲಿ ಕೆಸರು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ನೋಡಿ, ಮತ್ತೆ ಅದೇ ಕಡ್ಡಿ, ಅದೇ ಕೊಂಬೆ! ಹಳ್ಳ ಸ್ವಚ್ಛ ಮಾಡುತ್ತೇವೆ ಅಂತ ಬಿದ್ದ ಕೊಂಬೆಗಳನ್ನೂ ಬಾಚಿ ತೆಗೆದರೆ ಅದಕ್ಕೆ ಮೊಟ್ಟೆ ಇಡಲು ಜಾಗವೇ ಇರುವುದಿಲ್ಲ.

ಪೊದೆಗಪ್ಪೆಗಳ ಬಗ್ಗೆ ಹೇಳಲು ಸಮಯ ಸಾಲುವುದಿಲ್ಲ. ಅವು ಗೊದಮೊಟ್ಟೆಯಾಗದೆ ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯಾಗಿಯೇ ಬರುತ್ತವೆ, ಅವಕ್ಕೆ ಒದ್ದೆ ಎಲೆ ಸಾಕು. ಇನ್ನೊಮ್ಮೆ ಕರೆದರೆ ಅವುಗಳ ಬಗ್ಗೆಯೇ ಮಾತಾಡುತ್ತೇನೆ.

ತೋಟದವರಿಗೆ ಒಂದು ಕೋರಿಕೆ. ಕೊಳೆ ಔಷಧಿ ಹೊಡೆಯಬೇಕು, ಹೊಡೆಯದಿದ್ದರೆ ಅಡಿಕೆ ಉಳಿಯುವುದಿಲ್ಲ, ನನಗೆ ಗೊತ್ತು. ಆದರೆ ಮೈಲುತುತ್ತ ಕಲಸಿದ ಡ್ರಮ್ಮನ್ನು ಹೊಂಡದಲ್ಲಿ ತೊಳೆಯಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಗೊದಮೊಟ್ಟೆಗೆ ವಿಷ. ನೀರು ಮೊಗೆದು ತಂದು ದೂರದಲ್ಲಿ ತೊಳೆಯಿರಿ. ಕರಾವಳಿಯವರಿಗೂ ಒಂದು. ಮಳೆಗಾಲದಲ್ಲಿ ಸಿಮೆಂಟ್ ಟ್ಯಾಂಕಿನ ಒಳಗೋಡೆಗೆ ಬಿಳಿ ನೊರೆಯ ಮುದ್ದೆ ಕಂಡರೆ ಅದು ಬಚ್ಚಲಿನ ಕಪ್ಪೆಯ ಗೂಡು. ಸಾಧ್ಯವಾದರೆ ಒಂದು ವಾರ ಟ್ಯಾಂಕ್ ತೊಳೆಯುವುದನ್ನು ಮುಂದೂಡಿ. ಆಗದೇ ಇದ್ದರೆ ಅಗಲವಾದ ಎಲೆಯಿಂದ ಮುದ್ದೆಯನ್ನು ಒಡೆಯದೆ ಎಬ್ಬಿಸಿ, ಅದೇ ಎಲೆ ಸಮೇತ ಹತ್ತಿರದ ಹೊಂಡದ ಮೇಲೆ ಬಾಗಿದ ಕೊಂಬೆಗೆ ಬಾಳೆನಾರಿನಿಂದ ಕಟ್ಟಿ. ಕಟ್ಟಲಿಕ್ಕೆ ಅಂಥದೊಂದು ಕೊಂಬೆ ನಿಮ್ಮ ಹಿತ್ತಲಲ್ಲಿ ಇದೆಯಾ ಅಂತ ಇವತ್ತೇ ಹೋಗಿ ನೋಡಿ, ಇದ್ದರೆ ಕತ್ತಿ ಹಿಡಿದು ಬರುವವರಿಗೆ ಮೊದಲೇ ಹೇಳಿಡಿ. ನಮಸ್ಕಾರ.